ರೋಗಾಣುವಿಗೆ ವಿಟಮಿನ್ ಎಲ್ಲಿಂದ ಬರುತ್ತದೆ?

ಮಗನಿಗೆ ಕ್ಷಯರೋಗದ ಚಿಕಿತ್ಸೆ ಆರಂಭಿಸಿದ್ದ ತಾಯಿಯೊಬ್ಬರು ಒಮ್ಮೆ ನನ್ನನ್ನು ತಡೆದು ನಿಲ್ಲಿಸಿದರು. ಅವರ ಕೈಯಲ್ಲಿ ಎರಡು ಬಗೆಯ ಮಾತ್ರೆಗಳಿದ್ದವು. ಒಂದು ಕ್ಷಯದ ಔಷಧಿ, ಇನ್ನೊಂದು ಬಿ6 ವಿಟಮಿನ್. ಎರಡನೆಯದನ್ನು ತೋರಿಸಿ, "ಇದು ಶಕ್ತಿಯ ಮಾತ್ರೆ ಅಂತೀರಿ. ಒಳಗಿರುವ ಕ್ರಿಮಿಯೂ ಇದನ್ನೇ ತಿಂದು ಬಲಿಯುವುದಿಲ್ಲವೇ?" ಎಂದು ಕೇಳಿದರು. ರೋಗಿಗಳ ಕಫದಿಂದ, ರಕ್ತದಿಂದ ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವುದು ನನ್ನ ಕೆಲಸ. "ಇಲ್ಲಮ್ಮ, ಧೈರ್ಯವಾಗಿ ಕೊಡಿ" ಎಂದು ಹೇಳಿ ಕಳುಹಿಸಿದೆ. ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಅವರ ಪ್ರಶ್ನೆ ನನ್ನ ಉತ್ತರಕ್ಕಿಂತ ದೊಡ್ಡದಾಗಿತ್ತು. ಕಳೆದ ತೊಂಬತ್ತು ವರ್ಷಗಳಲ್ಲಿ ಸಿಕ್ಕ ಕೆಲವು ಮುಖ್ಯ ಔಷಧಿಗಳು ಅದೇ ಪ್ರಶ್ನೆಯ ಸುತ್ತ ಹುಟ್ಟಿದವು. ಹಾಗಾಗಿ ಅದನ್ನು ಬಿಡಿಸಿ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ, ಬ್ಯಾಕ್ಟೀರಿಯಾಕ್ಕೆ ವಿಟಮಿನ್ ಏಕೆ ಬೇಕು? ನಮಗೆ ಯಾವ ಕಾರಣಕ್ಕೆ ಬೇಕೋ ಅದೇ ಕಾರಣಕ್ಕೆ. ಜೀವಕೋಶದ ಒಳಗಿನ ಕೆಲಸವನ್ನೆಲ್ಲ ಕಿಣ್ವಗಳು ಮಾಡುತ್ತವೆ. ಆದರೆ ಎಷ್ಟೋ ಕಿಣ್ವಗಳು ಅಲಗಿಲ್ಲದ ಕುಡುಗೋಲಿನ ಹಿಡಿಯಂತಿರುತ್ತವೆ; ಕೊಯ್ಯುವ ಅಲಗು ಬಿ ಗುಂಪಿನ ವಿಟಮಿನ್ನಿಂದ ತಯಾರಾಗಬೇಕು. ಸಕ್ಕರೆಯಿಂದ ಶಕ್ತಿ ತೆಗೆಯಲು ಬಿ1, ಎಲೆಕ್ಟ್ರಾನುಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಲು ಬಿ2 ಮತ್ತು ಬಿ3, ಕೊಬ್ಬು ಕಟ್ಟಲು ಬಿ5 ಮತ್ತು ಬಯೋಟಿನ್, ಅಮೈನೋ ಆಮ್ಲಗಳ ವ್ಯವಹಾರಕ್ಕೆ ಬಿ6, ಡಿಎನ್‌ಎ ತಯಾರಿಕೆಗೆ ಫೋಲೇಟ್. ಮನುಷ್ಯನ ಯಕೃತ್ತಿನಲ್ಲಿಯೂ ಕರುಳಿನ ಬ್ಯಾಕ್ಟೀರಿಯಾದಲ್ಲಿಯೂ ಈ ಅಲಗುಗಳು ಒಂದೇ. ಕೋಟ್ಯಂತರ ವರ್ಷಗಳ ಹಿಂದೆ ನಮ್ಮ ದಾರಿಗಳು ಬೇರೆಯಾದರೂ ಈ ರಸಾಯನಶಾಸ್ತ್ರ ಮಾತ್ರ ಪಾಲಾಗದ ಪಿತ್ರಾರ್ಜಿತ ಆಸ್ತಿಯಂತೆ ಇಬ್ಬರಲ್ಲಿಯೂ ಉಳಿದಿದೆ.

ವ್ಯತ್ಯಾಸವಿರುವುದು ಸಂಪಾದನೆಯಲ್ಲಿ. 1912ರಲ್ಲಿ ಕ್ಯಾಸಿಮಿರ್ ಫಂಕ್ 'ವಿಟಮಿನ್' ಎಂಬ ಹೆಸರಿಟ್ಟಾಗ ಅವನ ಮನಸ್ಸಿನಲ್ಲಿದ್ದುದು ಆಹಾರದಿಂದಲೇ ಬರಬೇಕಾದ ವಸ್ತು. ನಾವು ಅವುಗಳಲ್ಲಿ ಹೆಚ್ಚಿನವನ್ನು ತಯಾರಿಸಲಾರೆವು. ಅನೇಕ ಬ್ಯಾಕ್ಟೀರಿಯಾಗಳು ತಯಾರಿಸಬಲ್ಲವು. ಹಾಗಾಗಿ ಸೂಕ್ಷ್ಮಜೀವಿಗೆ ಮೂರು ದಾರಿಗಳಿವೆ: ಮೊದಲಿನಿಂದ ಎಲ್ಲವನ್ನೂ ತಾನೇ ಮಾಡಿಕೊಳ್ಳುವುದು, ಸಿದ್ಧವಾದುದನ್ನು ಹೊರಗಿನಿಂದ ತರುವುದು, ಇಲ್ಲವೇ ಹಿಟ್ಟು ತಂದು ರೊಟ್ಟಿ ತಟ್ಟಿಕೊಂಡಂತೆ ಅರೆಸಿದ್ಧ ತುಂಡುಗಳನ್ನು ತಂದು ಮುಗಿಸಿಕೊಳ್ಳುವುದು. ಮಾಡಿಕೊಳ್ಳುವುದಕ್ಕೆ ಖರ್ಚು ಹೆಚ್ಚು. ಬಿ12 ಒಂದನ್ನೇ ಮೊದಲಿನಿಂದ ಕಟ್ಟಲು ಸುಮಾರು ಮೂವತ್ತು ಹಂತಗಳು ಬೇಕು. ತರುವುದು ಅಗ್ಗ, ಆದರೆ ಬಾಗಿಲು ಮುಚ್ಚಿದ ದಿನ ಉಪವಾಸ. ಒಂದು ರೋಗಾಣು ಯಾವ ದಾರಿ ಹಿಡಿದಿದೆ ಎಂಬುದರ ಮೇಲೆ ಅದು ದೇಹದ ಯಾವ ಮೂಲೆಯಲ್ಲಿ ಬದುಕುತ್ತದೆ, ಯಾವ ಔಷಧಿಗೆ ಸಾಯುತ್ತದೆ ಎಂಬುದು ನಿಂತಿದೆ.

ತರುವ ದಾರಿಯನ್ನು ಕಣ್ಣಾರೆ ನೋಡಬೇಕಾದರೆ ಹೀಮೋಫಿಲಸ್ ಇನ್‌ಫ್ಲುಯೆಂಜೆ ಬೆಳೆಯುವ ತಟ್ಟೆಯನ್ನು ನೋಡಬೇಕು. ಮಕ್ಕಳಲ್ಲಿ ಮಿದುಳು ಪೊರೆಯ ಉರಿಯೂತ ತರುತ್ತಿದ್ದ ಬ್ಯಾಕ್ಟೀರಿಯಾ ಇದು. ಇಂದು ಮಕ್ಕಳಿಗೆ ಹಾಕುವ ಪೆಂಟಾವೇಲೆಂಟ್ ಲಸಿಕೆಯ ಐದು ಭಾಗಗಳಲ್ಲಿ ಒಂದು ಇದರ ವಿರುದ್ಧವೇ ಇದೆ. 1892ರಲ್ಲಿ ಜರ್ಮನಿಯ ರಿಚರ್ಡ್ ಫೈಫರ್ ಇದನ್ನು ಫ್ಲೂ ಜ್ವರದ ಕಾರಣವೆಂದು ತಪ್ಪಾಗಿ ಭಾವಿಸಿದ್ದರಿಂದ ಆ ಹೆಸರು ಅಂಟಿಕೊಂಡಿದೆ. ಕುರಿಯ ರಕ್ತ ಬೆರೆಸಿದ ಸಾಮಾನ್ಯ ಕೆಂಪು ತಟ್ಟೆಯ ಮೇಲೆ ಇದನ್ನು ಹರಡಿ ರಾತ್ರಿಯಿಡೀ ಬೆಚ್ಚಗಿಟ್ಟರೆ ಬೆಳಿಗ್ಗೆ ಏನೂ ಕಾಣುವುದಿಲ್ಲ. ಅದೇ ತಟ್ಟೆಯ ನಡುವೆ ಸ್ಟೆಫಿಲೋಕಾಕಸ್ ಬ್ಯಾಕ್ಟೀರಿಯಾದ ಒಂದು ಗೆರೆ ಎಳೆದಿಡಿ. ಮರುದಿನ ಆ ದಪ್ಪ ಗೆರೆಯ ಎರಡೂ ಬದಿಗೆ, ಅದಕ್ಕೆ ಅಂಟಿಕೊಂಡಂತೆ, ಇಬ್ಬನಿಯ ಹನಿಯಷ್ಟು ಚಿಕ್ಕ, ಅಷ್ಟೇ ಪಾರದರ್ಶಕವಾದ ಚುಕ್ಕೆಗಳು ಸಾಲುಗಟ್ಟಿರುತ್ತವೆ. ಗೆರೆಯಿಂದ ಒಂದು ಬೆರಳಿನಷ್ಟು ಆಚೆ ಹೋದರೆ ಒಂದು ಚುಕ್ಕೆಯೂ ಇರುವುದಿಲ್ಲ. ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರಷ್ಟೇ ಕಾಣುವ ಈ ನೋಟವನ್ನು ನಾನು ಎಷ್ಟು ಸಲ ವಿದ್ಯಾರ್ಥಿಗಳಿಗೆ ತೋರಿಸಿದ್ದೇನೋ ಲೆಕ್ಕವಿಲ್ಲ, ಇನ್ನೂ ಬೇಸರ ಬಂದಿಲ್ಲ. ಒಂದು ಜೀವಿ ಚೆಲ್ಲಿದ್ದನ್ನು ಇನ್ನೊಂದು ಜೀವಿ ಹೆಕ್ಕಿಕೊಂಡು ಬದುಕುವುದು ಅಲ್ಲಿ ಒಂದು ಅಂಗೈಯಗಲದ ಜಾಗದಲ್ಲಿ ಬರೆದಿಟ್ಟಂತೆ ಕಾಣುತ್ತದೆ.

ಸ್ಟೆಫಿಲೋಕಾಕಸ್ ಚೆಲ್ಲುವ ವಸ್ತುವಿಗೆ ಮೊದಲು 'ವಿ ಅಂಶ' ಎಂದು ಹೆಸರಿಟ್ಟಿದ್ದರು. ಅದು ಎನ್‌ಎಡಿ ಎಂದು 1930ರ ದಶಕದಲ್ಲಿ ಫ್ರಾನ್ಸಿನ ಆಂದ್ರೆ ಮತ್ತು ಮಾರ್ಗರೀತ್ ಲ್ವಾಫ್ ದಂಪತಿ ತೋರಿಸಿಕೊಟ್ಟರು. ಎನ್‌ಎಡಿ ಎಂದರೆ ಬಿ3 ವಿಟಮಿನ್ನಿನಿಂದ ತಯಾರಾಗುವ ಅಲಗು. ಹೀಮೋಫಿಲಸ್ಸಿಗೆ ಇದನ್ನು ಮೊದಲಿನಿಂದ ಕಟ್ಟುವ ಜೀನ್‌ಗಳೇ ಇಲ್ಲ. ಮೇಲಾಗಿ ಎನ್‌ಎಡಿ ದೊಡ್ಡ ಅಣು, ಇಡಿಯಾಗಿ ಒಳಪೊರೆ ದಾಟುವುದಿಲ್ಲ. ಆದ್ದರಿಂದ ಬ್ಯಾಕ್ಟೀರಿಯಾ ತನ್ನ ಹೊರಪೊರೆ ಮತ್ತು ಒಳಪೊರೆಗಳ ನಡುವಿನ ಜಾಗದಲ್ಲಿ ಅದನ್ನು ಹಂತಹಂತವಾಗಿ ಕತ್ತರಿಸಿ, ನಿಕೋಟಿನಮೈಡ್ ರೈಬೋಸೈಡ್ ಎಂಬ ತುಂಡನ್ನಷ್ಟೇ ಒಳಗೆಳೆದುಕೊಂಡು, ಒಳಗೆ ಮತ್ತೆ ಜೋಡಿಸುತ್ತದೆ. ಬಾಗಿಲಲ್ಲಿ ಹಿಡಿಯದ ಮಂಚವನ್ನು ಬಿಚ್ಚಿ ಒಳಗೆ ಕೂಡಿಸಿದ ಹಾಗೆ. ನಮ್ಮ ರಕ್ತದಲ್ಲಿ ಎನ್‌ಎಡಿ ಇರುವುದು ಬಹುಮಟ್ಟಿಗೆ ಜೀವಕೋಶಗಳ ಒಳಗೆ. ಕೋಶ ಒಡೆದರೆ ಮಾತ್ರ ಹೊರಗೆ ಬರುತ್ತದೆ. ಪ್ರಯೋಗಾಲಯದಲ್ಲಿ ರಕ್ತವನ್ನು ಬಿಸಿ ಮಾಡಿ, ಕಂದು ಬಣ್ಣಕ್ಕೆ ತಿರುಗಿಸಿ 'ಚಾಕೊಲೇಟ್ ಅಗಾರ್' ಮಾಡುವುದು ಈ ಕಾರಣಕ್ಕೇ: ಕೆಂಪು ಕಣಗಳು ಒಡೆದು ಎನ್‌ಎಡಿ ಹೊರಬರುತ್ತದೆ, ಅದನ್ನು ನಾಶ ಮಾಡುವ ರಕ್ತದ ಕಿಣ್ವ ಬಿಸಿಗೆ ಸಾಯುತ್ತದೆ. ಆಗ ಸ್ಟೆಫಿಲೋಕಾಕಸ್ಸಿನ ನೆರವಿಲ್ಲದೆಯೂ ಹೀಮೋಫಿಲಸ್ ಬೆಳೆಯುತ್ತದೆ.

ಹೀಮೋಫಿಲಸ್ ಜೀನ್ ಕಳೆದುಕೊಂಡದ್ದು ಸೋಮಾರಿತನದಿಂದ ಎನ್ನಬಹುದೇನೋ. ಮನುಷ್ಯನ ಮೂಗು ಗಂಟಲುಗಳಲ್ಲಿ ನೆಲೆಸಿದ ಮೇಲೆ ಕೈಗೆ ಸಿಗುವುದನ್ನು ಮಾಡಿಕೊಳ್ಳುವ ಶ್ರಮವೇಕೆ? ಆದರೆ ರಕ್ತಭೇದಿ ತರುವ ಶಿಗೆಲ್ಲಾದ ಕಥೆ ಅಷ್ಟು ಸರಳವಲ್ಲ. ಶಿಗೆಲ್ಲಾ ಹುಟ್ಟಿದ್ದು ನಮ್ಮ ಕರುಳಿನ ಸಾಧು ನಿವಾಸಿಯಾದ ಇ. ಕೊಲೈ ವಂಶದಿಂದ. ಇ. ಕೊಲೈ ಎರಡು ಕಿಣ್ವಗಳ ನೆರವಿನಿಂದ ಕ್ವಿನೊಲಿನೇಟ್ ಎಂಬ ವಸ್ತುವನ್ನು ಮಾಡಿ, ಅದರಿಂದ ಎನ್‌ಎಡಿ ತಯಾರಿಸುತ್ತದೆ. ಶಿಗೆಲ್ಲಾ ತಳಿಗಳಲ್ಲಿ ಈ ದಾರಿ ಕೆಟ್ಟಿದೆ, ಮತ್ತು ಬೇರೆ ಬೇರೆ ತಳಿಗಳಲ್ಲಿ ಬೇರೆ ಬೇರೆ ರೀತಿಯಲ್ಲಿ ಕೆಟ್ಟಿದೆ. ಹೀಗೆ ಮತ್ತೆ ಮತ್ತೆ ಸ್ವತಂತ್ರವಾಗಿ ಕೆಡುವುದು ಆಕಸ್ಮಿಕವಾಗಿರಲಾರದು. ಅಮೆರಿಕದ ಸಂಶೋಧಕರು ಕೆಟ್ಟ ಜೀನ್‌ಗಳ ಜಾಗದಲ್ಲಿ ಇ. ಕೊಲೈನ ಸರಿಯಾದ ಜೀನ್‌ಗಳನ್ನು ಮರಳಿ ಹಾಕಿ ನೋಡಿದರು. ಶಿಗೆಲ್ಲಾ ಬಿ3 ಇಲ್ಲದೆಯೂ ಬೆಳೆಯತೊಡಗಿತು, ಆದರೆ ಜೀವಕೋಶಗಳಿಗೆ ನುಗ್ಗುವ, ಕೋಶದಿಂದ ಕೋಶಕ್ಕೆ ಹರಡುವ ಶಕ್ತಿ ಕುಂದಿತು. ಕ್ವಿನೊಲಿನೇಟ್ ಅದರ ದಾಳಿಯ ಯಂತ್ರಕ್ಕೇ ಅಡ್ಡಿಯಾಗಿತ್ತು. ರೋಗ ತರುವ ಸಾಮರ್ಥ್ಯಕ್ಕಾಗಿ ಶಿಗೆಲ್ಲಾ ವಿಟಮಿನ್ ಸ್ವಾವಲಂಬನೆಯನ್ನೇ ತ್ಯಜಿಸಿತ್ತು. ಇಂದಿಗೂ ಕನಿಷ್ಠ ಪೋಷಕಾಂಶದ ದ್ರಾವಣದಲ್ಲಿ ಅದನ್ನು ಬೆಳೆಸಬೇಕಾದರೆ ಬಿ3ರ ಒಂದು ರೂಪವಾದ ನಿಕೋಟಿನಿಕ್ ಆಮ್ಲ ಬೆರೆಸಲೇಬೇಕು.

ಇನ್ನು ಒಳಗೆಳೆದುಕೊಳ್ಳುವ ಉಪಕರಣಗಳ ಮಾತು. ಎರಡು ಪೊರೆಗಳಿರುವ ಬ್ಯಾಕ್ಟೀರಿಯಾಗಳಿಗೆ ಬಿ12ರಂಥ ದೊಡ್ಡ ಅಣು ತಲೆನೋವು, ಏಕೆಂದರೆ ಹೊರಪೊರೆಯ ಹತ್ತಿರ ಶಕ್ತಿಯ ಮೂಲವೇ ಇಲ್ಲ. ಇ. ಕೊಲೈ ಮತ್ತು ಸಾಲ್ಮೊನೆಲ್ಲಾಗಳ ಹೊರಪೊರೆಯಲ್ಲಿ ಬಿಟಿಯುಬಿ ಎಂಬ ಪೀಪಾಯಿಯಾಕಾರದ ಬಾಗಿಲಿದೆ, ಅದರ ಬಾಯಿಗೆ ಬಿರಡೆ ಹಾಕಿದೆ. ಬಿ12 ಬಂದು ಕೂತಾಗ ಒಳಪೊರೆಯಿಂದ ಟಾನ್‌ಬಿ ಎಂಬ ಪ್ರೋಟೀನ್ ಉದ್ದನೆಯ ಕೈ ಚಾಚಿ ಬಿರಡೆಯನ್ನು ಎಳೆಯುತ್ತದೆ. ಇಷ್ಟು ಎಚ್ಚರದ ಬಾಗಿಲಿಗೂ ಕಳ್ಳರಿದ್ದಾರೆ. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಒಂದು ಬಗೆಯ ವೈರಸ್, ಪ್ರತಿಸ್ಪರ್ಧಿ ಬ್ಯಾಕ್ಟೀರಿಯಾಗಳು ಬಿಡುವ ಕೆಲವು ವಿಷ ಪ್ರೋಟೀನ್‌ಗಳು, ಇವು ಕೂಡ ಬಿಟಿಯುಬಿಯನ್ನೇ ಹಿಡಿದು ಒಳಹೊಕ್ಕುತ್ತವೆ. ಬಾಗಿಲು ಮುಚ್ಚಿದರೆ ವಿಟಮಿನ್ ಇಲ್ಲ, ತೆರೆದರೆ ಶತ್ರು. ನ್ಯುಮೋಕಾಕಸ್, ಲಿಸ್ಟೀರಿಯಾ, ಸ್ಟೆಫಿಲೋಕಾಕಸ್‌ನಂಥ ಒಂದೇ ಪೊರೆಯ ಬ್ಯಾಕ್ಟೀರಿಯಾಗಳಲ್ಲಿ ಇನ್ನೊಂದು ವ್ಯವಸ್ಥೆ ಇದೆ. ಪ್ರತಿ ವಿಟಮಿನ್ನಿಗೂ ಒಂದೊಂದು ಹಿಡಿಕೆ ಪ್ರೋಟೀನ್, ಆದರೆ ಎಳೆಯುವ ಎಂಜಿನ್ ಎಲ್ಲಕ್ಕೂ ಒಂದೇ. ವಿಟಮಿನ್ ಹಿಡಿದ ಪ್ರೋಟೀನ್ ಪೊರೆಯೊಳಗೆ ಪಲ್ಟಿ ಹೊಡೆದು ಅದನ್ನು ಒಳಗೆ ಸುರಿಯುತ್ತದೆ. ಆ ಒಂದು ಎಂಜಿನ್ ನಿಂತರೆ ಹಲವು ವಿಟಮಿನ್‌ಗಳ ಪೂರೈಕೆ ಒಟ್ಟಿಗೆ ನಿಲ್ಲುತ್ತದೆ. ಔಷಧಿ ಹುಡುಕುವವರ ಕಣ್ಣು ಇದರ ಮೇಲೆ ಬಿದ್ದಿರುವುದು ಸಹಜ.

ತಂದ ಇಲ್ಲವೇ ತಯಾರಿಸಿದ ವಿಟಮಿನ್ನನ್ನು ರೋಗಾಣು ಯಾವುದಕ್ಕೆ ಖರ್ಚು ಮಾಡುತ್ತದೆ ಎಂಬುದಕ್ಕೆ ಸಾಲ್ಮೊನೆಲ್ಲಾ ಒಳ್ಳೆಯ ಉದಾಹರಣೆ. ಆಮ್ಲಜನಕವಿಲ್ಲದ ಕಡೆ ಮಾತ್ರ ಅದು ಬಿ12 ಅನ್ನು ತಾನೇ ತಯಾರಿಸಬಲ್ಲದು. ಆ ಬಿ12 ಇದ್ದರಷ್ಟೇ ಅದು ಎಥನೋಲಮೈನ್ ಎಂಬ ವಸ್ತುವನ್ನು ಆಹಾರವಾಗಿ ಬಳಸಬಲ್ಲದು. ನಮ್ಮ ಕರುಳಿನ ಒಳಪದರದ ಕೋಶಗಳು ಸತ್ತು ಉದುರಿದಾಗ ಅವುಗಳ ಪೊರೆಯಿಂದ ಎಥನೋಲಮೈನ್ ಹೇರಳವಾಗಿ ಬರುತ್ತದೆ. ಸಾಲ್ಮೊನೆಲ್ಲಾ ಉರಿಯೂತ ಎಬ್ಬಿಸುತ್ತದೆ, ಆ ಉರಿಯೂತದಿಂದಲೇ ತನ್ನ ಉಸಿರಾಟಕ್ಕೆ ಬೇಕಾದ ಟೆಟ್ರಾಥಯೊನೇಟ್ ಹುಟ್ಟಿಸಿಕೊಳ್ಳುತ್ತದೆ, ಉಳಿದ ಬ್ಯಾಕ್ಟೀರಿಯಾಗಳು ಬಳಸಲಾರದ ಎಥನೋಲಮೈನನ್ನು ತಿಂದು ಅವನ್ನೆಲ್ಲ ಹಿಂದೆ ಹಾಕುತ್ತದೆ. ಆ ಸರಪಣಿಯ ಒಂದು ಕೊಂಡಿ ಬಿ12.

ಇಷ್ಟೆಲ್ಲ ನಡೆಯುವಾಗ ದೇಹ ಕೈಕಟ್ಟಿ ಕೂತಿರುತ್ತದೆಯೇ? ರೋಗಾಣುವಿಗೆ ಕಬ್ಬಿಣ ಸಿಗದಂತೆ ದೇಹ ಬಚ್ಚಿಡುತ್ತದೆ ಎಂಬುದು ಬಹಳ ಕಾಲದಿಂದ ಗೊತ್ತಿರುವ ಸಂಗತಿ. ವಿಟಮಿನ್‌ಗಳ ವಿಷಯದಲ್ಲಿ ಇದಕ್ಕೆ ಅತ್ಯಂತ ಸೊಗಸಾದ ಉದಾಹರಣೆ ನಮ್ಮ ಅಡುಗೆಮನೆಯಲ್ಲಿದೆ. ಕೋಳಿ ಮೊಟ್ಟೆಯನ್ನು ಒಡೆದು ಬಟ್ಟಲಿಗೆ ಹಾಕಿ. ನಡುವಿನ ಹಳದಿ ಭಾಗ ಪೋಷಕಾಂಶಗಳ ಗಣಿ. ಬ್ಯಾಕ್ಟೀರಿಯಾಗೆ ಅದಕ್ಕಿಂತ ಒಳ್ಳೆಯ ಊಟ ಇಲ್ಲ. ಆದರೂ ಕಾವಿಗೆ ಕೂತ ಕೋಳಿಯ ಬಿಸಿಯಲ್ಲಿ ಮೂರು ವಾರ ಮೊಟ್ಟೆ ಕೊಳೆಯುವುದಿಲ್ಲ. ಸುತ್ತಲಿರುವ ಬಿಳಿ ಲೋಳೆಯಲ್ಲಿ ಅವಿಡಿನ್ ಎಂಬ ಪ್ರೋಟೀನ್ ಇದೆ, ಅದು ಬಯೋಟಿನ್ ಅಣುವನ್ನು ಹಿಡಿದರೆ ಬಿಡುವುದೇ ಇಲ್ಲ. ಜೀವಜಗತ್ತಿನಲ್ಲಿ ನಮಗೆ ಗೊತ್ತಿರುವ ಅತಿ ಬಿಗಿ ಹಿಡಿತಗಳಲ್ಲಿ ಇದೂ ಒಂದು. ರೈಬೋಫ್ಲೇವಿನ್, ಅಂದರೆ ಬಿ2 ಅನ್ನು ಹಿಡಿದಿಡುವ ಇನ್ನೊಂದು ಪ್ರೋಟೀನ್ ಕೂಡ ಅಲ್ಲಿದೆ. ಕಬ್ಬಿಣ ಹಿಡಿಯುವ ಪ್ರೋಟೀನ್, ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಕಿಣ್ವಗಳ ಜೊತೆ ಇವೂ ಸೇರಿ ಚಿಪ್ಪು ದಾಟಿ ಬಂದ ಬ್ಯಾಕ್ಟೀರಿಯಾವನ್ನು ಉಪವಾಸ ಕೆಡವುತ್ತವೆ. ಹಸಿ ಮೊಟ್ಟೆಯ ಬಿಳಿಯನ್ನು ಬಹುಕಾಲ ಹೆಚ್ಚಾಗಿ ತಿಂದವರಿಗೆ ಬಯೋಟಿನ್ ಕೊರತೆ ಬರುವುದು ಇದರಿಂದಲೇ. ಬೇಯಿಸಿದರೆ ಅವಿಡಿನ್ ಕೆಟ್ಟುಹೋಗುತ್ತದೆ, ಆ ಭಯವಿಲ್ಲ.

ನಮ್ಮಲ್ಲಿ ಅವಿಡಿನ್ ಇಲ್ಲ. ಆದರೆ ಎಂಜಲು, ಕಣ್ಣೀರು, ಎದೆಹಾಲು ಮತ್ತು ಬಿಳಿರಕ್ತಕಣಗಳ ಚೀಲಗಳಲ್ಲಿ ಬಿ12 ಅನ್ನು ಬಿಗಿಯಾಗಿ ಹಿಡಿಯುವ ಹ್ಯಾಪ್ಟೋಕೊರಿನ್ ಇದೆ. ಅದು ಅಲ್ಲಿ ಕಾವಲಿಗಿದೆ ಎಂದು ಭಾವಿಸಲು ಕಾರಣಗಳಿವೆ. ಇದಕ್ಕಿಂತ ಚತುರವಾದ ಉಪಾಯವೂ ದೇಹದಲ್ಲಿದೆ. ರೈಬೋಫ್ಲೇವಿನ್ ಅನ್ನು ನಮ್ಮ ದೇಹ ತಯಾರಿಸುವುದಿಲ್ಲ, ಬ್ಯಾಕ್ಟೀರಿಯಾ ತಯಾರಿಸುತ್ತದೆ. ಹಾಗಾದರೆ ಅದರ ತಯಾರಿಕೆಯ ಅರ್ಧದಲ್ಲಿ ಹುಟ್ಟುವ ವಸ್ತು ನಮ್ಮ ದೇಹದಲ್ಲಿ ಕಂಡರೆ, ಅಲ್ಲಿ ಹೊರಗಿನ ಜೀವಿ ಇದೆಯೆಂದೇ ಅರ್ಥ. ಹೊಗೆ ಕಂಡಲ್ಲಿ ಒಲೆ ಇದೆ ಎನ್ನುವಂತೆ. ನಮ್ಮ ರಕ್ತದಲ್ಲಿ ಎಂಎಐಟಿ ಎಂಬ ಒಂದು ವರ್ಗದ ಟಿ ಕೋಶಗಳು ಈ ಹೊಗೆಯನ್ನೇ ಪತ್ತೆ ಹಚ್ಚುತ್ತವೆ. ಇದು ಬಯಲಾದದ್ದು 2012ರಲ್ಲಿ, ಆಸ್ಟ್ರೇಲಿಯಾದ ಸಂಶೋಧಕರಿಂದ. ಕ್ಷಯದ ಬ್ಯಾಕ್ಟೀರಿಯಾ, ಸಾಲ್ಮೊನೆಲ್ಲಾ, ಇ. ಕೊಲೈ ಎಲ್ಲವೂ ರೈಬೋಫ್ಲೇವಿನ್ ತಯಾರಿಸುವುದರಿಂದ ಸಿಕ್ಕಿಬೀಳುತ್ತವೆ. ಲಿಸ್ಟೀರಿಯಾ ತಯಾರಿಸುವುದಿಲ್ಲ, ನಮ್ಮಿಂದಲೇ ತೆಗೆದುಕೊಳ್ಳುತ್ತದೆ. ಅದರ ಒಲೆ ಹೊತ್ತುವುದೇ ಇಲ್ಲ, ಹೊಗೆಯೂ ಇಲ್ಲ. ತಾನೇ ಮಾಡಿಕೊಳ್ಳುವುದಕ್ಕೆ ಶಕ್ತಿಯ ಖರ್ಚಿನ ಜೊತೆಗೆ ಇಂಥ ದಂಡವೂ ಇದೆ ಎಂದು ತಿಳಿದಾಗ ನನಗೆ ಶಿಗೆಲ್ಲಾ, ಹೀಮೋಫಿಲಸ್‌ಗಳ ದಾರಿ ಇನ್ನಷ್ಟು ಅರ್ಥವಾಯಿತು.

ಈಗ ಆ ತಾಯಿಯ ಮಗನ ರೋಗಕ್ಕೆ ಬರೋಣ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಭಾರತದಲ್ಲಿದ್ದಾರೆ. ಕ್ಷಯದ ಬ್ಯಾಕ್ಟೀರಿಯಾ ಶಿಗೆಲ್ಲಾದ ತದ್ವಿರುದ್ಧ. ತನಗೆ ಬೇಕಾದ ಬಹುತೇಕ ವಿಟಮಿನ್‌ಗಳನ್ನು ಅದು ತಾನೇ ತಯಾರಿಸುತ್ತದೆ, ಮತ್ತು ಆ ಅಭ್ಯಾಸ ಬಿಡಲು ಅದಕ್ಕೆ ಸಾಧ್ಯವಿಲ್ಲ. ಏಕೆ? ಅದು ನೆಲೆಸುವುದು ನಮ್ಮನ್ನು ಕಾಯಬೇಕಾದ ಭಕ್ಷಕ ಕೋಶಗಳ ಒಳಗಿನ ಒಂದು ಪುಟ್ಟ ಚೀಲದಲ್ಲಿ. ಆ ಚೀಲ ಬಹುಮಟ್ಟಿಗೆ ಬರಿದು. ಪ್ಯಾಂಟೋಥೆನಿಕ್ ಆಮ್ಲ, ಅಂದರೆ ಬಿ5, ಎಲ್ಲ ಆಹಾರದಲ್ಲಿಯೂ ಸಿಗುತ್ತದೆಂಬ ಕಾರಣಕ್ಕೆ ಗ್ರೀಕ್ ಭಾಷೆಯ 'ಎಲ್ಲೆಡೆಯಿಂದ' ಎಂಬ ಪದದಿಂದ ಅದಕ್ಕೆ ಹೆಸರು ಬಂತು. ಆದರೆ 2002ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಬಿ5 ತಯಾರಿಸುವ ಎರಡು ಜೀನ್‌ಗಳನ್ನು ತೆಗೆದುಹಾಕಿದ ಕ್ಷಯದ ಬ್ಯಾಕ್ಟೀರಿಯಾವನ್ನು ಇಲಿಗಳಿಗೆ ಕೊಟ್ಟಾಗ ಅದು ಸೊರಗಿತು. ರೋಗನಿರೋಧಕ ಶಕ್ತಿಯೇ ಇಲ್ಲದ ಇಲಿಗಳು ಕೂಡ ಬಹುಕಾಲ ಬದುಕಿದವು. ಎಲ್ಲೆಡೆ ಸಿಗುವ ವಿಟಮಿನ್ ಆ ಚೀಲದೊಳಗೆ ಸಾಕಷ್ಟು ಸಿಗುವುದಿಲ್ಲ. ಈ ಜೀನ್‌ಗಳ ಜೊತೆಗೆ ಇನ್ನೊಂದೆರಡನ್ನು ತೆಗೆದ ತಳಿಗಳನ್ನು ಇಂದು ಕಡಿಮೆ ಭದ್ರತೆಯ ಪ್ರಯೋಗಾಲಯಗಳಲ್ಲಿಯೂ ಧೈರ್ಯವಾಗಿ ಬಳಸುತ್ತಾರೆ. ಬಿ5 ಹಾಕಿದ ದ್ರಾವಣದ ಆಚೆ ಅವು ಬದುಕಲಾರವು.

ಬಯೋಟಿನ್ ವಿಷಯದಲ್ಲಿ ಇದು ಇನ್ನೂ ತೀವ್ರ. ಕ್ಷಯದ ಬ್ಯಾಕ್ಟೀರಿಯಾದ ಮೈಮೇಲೆ ದಪ್ಪ ಮೇಣದ ಹೊದಿಕೆಯಿದೆ. ಬಣ್ಣ ಹಿಡಿದರೆ ಆಮ್ಲಕ್ಕೂ ಬಿಡದಂತೆ ಕಾಪಾಡುವುದು, ಎಷ್ಟೋ ಔಷಧಿಗಳನ್ನು ಹೊರಗೆ ನಿಲ್ಲಿಸುವುದು ಆ ಹೊದಿಕೆಯೇ. ಉದ್ದುದ್ದ ಕೊಬ್ಬಿನ ಸರಪಣಿಗಳಿಂದ ಅದನ್ನು ಹೆಣೆಯುವ ಕೆಲಸದ ಮೊದಲ ಹೆಜ್ಜೆಗೇ ಬಯೋಟಿನ್ ಬೇಕು. ಬಯೋಟಿನ್ ತಯಾರಿಕೆಯ ಒಂದು ಕಿಣ್ವವನ್ನು ಬೇಕೆಂದಾಗ ನಿಲ್ಲಿಸಬಹುದಾದ ತಳಿಯನ್ನು ಮಾಡಿ ಇಲಿಗಳಲ್ಲಿ ಪರೀಕ್ಷಿಸಿದಾಗ, ಸೋಂಕಿನ ಆರಂಭದಲ್ಲಿ ನಿಲ್ಲಿಸಿದರೂ, ರೋಗ ಬೇರೂರಿದ ಮೇಲೆ ನಿಲ್ಲಿಸಿದರೂ ಬ್ಯಾಕ್ಟೀರಿಯಾ ಉಳಿಯಲಿಲ್ಲ. ಬೆಳವಣಿಗೆ ನಿಂತದ್ದಷ್ಟೇ ಅಲ್ಲ, ಸತ್ತೇಹೋಯಿತು.

ಇಲ್ಲಿ ಒಂದು ಎಚ್ಚರಿಕೆಯ ಸಂಗತಿ ಹೇಳಬೇಕು. ಔಷಧಿಗಳನ್ನು ಮೊದಲು ಪರೀಕ್ಷಿಸುವುದು ಇಲಿಗಳಲ್ಲಿ. ಇಲಿಯ ರಕ್ತದಲ್ಲಿ ಬಯೋಟಿನ್ ಪ್ರಮಾಣ ಮನುಷ್ಯನದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ತಯಾರಿಕೆ ನಿಲ್ಲಿಸಿದರೂ ಇಲಿಯ ರಕ್ತದಿಂದ ಎತ್ತಿಕೊಂಡು ಬದುಕುವ ಬ್ಯಾಕ್ಟೀರಿಯಾಗಳಿದ್ದರೆ, ಮನುಷ್ಯನಲ್ಲಿ ಕೆಲಸ ಮಾಡಬಹುದಾದ ಔಷಧಿ ಇಲಿಯಲ್ಲಿ ಸೋತು ಕಸದ ಬುಟ್ಟಿಗೆ ಹೋಗುತ್ತದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ತಂಡ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವಿಡಿನ್ನಿನ ಸೋದರನಂಥ ಸ್ಟ್ರೆಪ್ಟವಿಡಿನ್ ಕೊಟ್ಟು ಇಲಿಗಳ ಬಯೋಟಿನ್ ಮಟ್ಟವನ್ನು ಮನುಷ್ಯನ ಮಟ್ಟಕ್ಕೆ ಇಳಿಸಿತು. ಆಗ ಬಯೋಟಿನ್ ತಯಾರಿಕೆ ತಡೆಯುವ ರಾಸಾಯನಿಕ, ಔಷಧಿಗಳಿಗೆ ಬಗ್ಗದ ಕ್ಲೆಬ್ಸಿಯೆಲ್ಲಾ, ಅಸಿನೆಟೋಬ್ಯಾಕ್ಟರ್, ಸ್ಯೂಡೋಮೊನಾಸ್‌ಗಳ ವಿರುದ್ಧ ಕೆಲಸ ಮಾಡಿತು. ಆಸ್ಪತ್ರೆಗಳ ತೀವ್ರ ನಿಗಾ ಘಟಕಗಳಲ್ಲಿ ಈ ಮೂರು ಹೆಸರುಗಳು ಎಷ್ಟು ಸಂಕಟ ತರುತ್ತವೆಂದು ಬಲ್ಲವರಿಗೆ ಈ ಫಲಿತಾಂಶದ ಬೆಲೆ ತಿಳಿಯುತ್ತದೆ.

ಬಿ3 ಮತ್ತು ಕ್ಷಯದ ನಂಟು ಹಳೆಯದು. ಆಣ್ವಿಕ ಪರೀಕ್ಷೆಗಳು ಬರುವ ಮೊದಲು ಕ್ಷಯದ ಬ್ಯಾಕ್ಟೀರಿಯಾವನ್ನು ಅದರ ದಾಯಾದಿಗಳಿಂದ ಬೇರ್ಪಡಿಸಿ ಗುರುತಿಸಲು 'ನಯಾಸಿನ್ ಪರೀಕ್ಷೆ' ಮಾಡುತ್ತಿದ್ದೆವು. ನಯಾಸಿನ್ ಎಂದರೆ ಬಿ3. ಮೊಟ್ಟೆಯಿಂದ ಮಾಡಿದ ಹಸಿರು ಮಾಧ್ಯಮದ ಮೇಲೆ ವಾರಗಟ್ಟಲೆ ಕಾದು ಬೆಳೆಸಿದ, ಹೂಕೋಸಿನಂತೆ ಒರಟೊರಟಾದ ಬೆಳೆಗೆ ಸ್ವಲ್ಪ ನೀರು ಹಾಕಿ, ಆ ನೀರಿಗೆ ಅನಿಲಿನ್ ಮತ್ತು ಸಯನೋಜೆನ್ ಬ್ರೋಮೈಡ್ ಹನಿ ಬಿಡಬೇಕು. ಎರಡನೆಯದು ಉಸಿರಾಡಬಾರದ ವಿಷ. ನೀರು ಹಳದಿಗೆ ತಿರುಗಿದರೆ ನಯಾಸಿನ್ ಇದೆ. ಇತರ ದಾಯಾದಿಗಳಿಗಿಂತ ಹೆಚ್ಚು ನಯಾಸಿನ್ ಹೊರಚೆಲ್ಲುವುದು ಕ್ಷಯದ ಬ್ಯಾಕ್ಟೀರಿಯಾದ ಲಕ್ಷಣ. ಆ ಹಳದಿ ಬಣ್ಣ ಏಳುವುದನ್ನು ನೋಡುವಾಗ ಅದು ಒಬ್ಬ ಮನುಷ್ಯನ ರೋಗನಿರ್ಣಯ ಎಂಬುದು ನೆನಪಾಗದೆ ಇರುತ್ತಿರಲಿಲ್ಲ.

1940ರ ದಶಕದಲ್ಲಿ ಬಿ3ರ ಒಂದು ರೂಪವಾದ ನಿಕೋಟಿನಮೈಡ್ ಅನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟ ಪ್ರಾಣಿಗಳಲ್ಲಿ ಕ್ಷಯ ನಿಧಾನವಾಗುವುದು ಕಂಡಿತು. ವಿಟಮಿನ್ನೇ ಔಷಧಿಯಂತೆ ನಡೆದುಕೊಂಡಿತು. ರಸಾಯನಶಾಸ್ತ್ರಜ್ಞರು ಅದರ ಆಕಾರವನ್ನು ಚೂರು ಚೂರು ಬದಲಿಸುತ್ತ ಹೋದರು. ಇಂದಿನ ಕ್ಷಯ ಚಿಕಿತ್ಸೆಯ ಕಂಬಗಳಾದ ಐಸೋನಿಯಾಜಿಡ್ ಮತ್ತು ಪೈರಜಿನಮೈಡ್ ಆ ಹುಡುಕಾಟದಿಂದ ಬಂದವು, ಎರಡೂ 1952ರಲ್ಲಿ. ಪೈರಜಿನಮೈಡ್ ನೋಡಲು ನಿಕೋಟಿನಮೈಡಿನಂತೆಯೇ ಇದೆ. ನಿಕೋಟಿನಮೈಡನ್ನು ಸಂಸ್ಕರಿಸುವ ಬ್ಯಾಕ್ಟೀರಿಯಾದ ಕಿಣ್ವ ಇದನ್ನೂ ವಿಟಮಿನ್ ಎಂದು ಮೋಸಹೋಗಿ ಕತ್ತರಿಸುತ್ತದೆ, ಆಗ ಹೊರಬರುವ ಪೈರಜಿನೋಯಿಕ್ ಆಮ್ಲವೇ ನಿಜವಾದ ಅಸ್ತ್ರ. ಈ ಆಮ್ಲ ಬಿ5 ತಯಾರಿಕೆಯ ಪ್ಯಾನ್‌ಡಿ ಕಿಣ್ವವನ್ನು ಹಿಡಿದು ಹಾಳುಮಾಡುತ್ತದೆ ಎಂಬುದಕ್ಕೆ ಈಚಿನ ವರ್ಷಗಳಲ್ಲಿ ಬಲವಾದ ಸಾಕ್ಷ್ಯ ಸೇರಿದೆ. ಒಂದು ವಿಟಮಿನ್ನಿನ ವೇಷದಲ್ಲಿ ಒಳಹೊಕ್ಕು ಇನ್ನೊಂದು ವಿಟಮಿನ್ನಿನ ತಯಾರಿಕೆಯನ್ನು ನಿಲ್ಲಿಸುವ ಔಷಧಿ! ದನಗಳ ಕ್ಷಯದ ಬ್ಯಾಕ್ಟೀರಿಯಾದಲ್ಲಿ ಆ ಬಿ3 ಕಿಣ್ವ ಹುಟ್ಟಿನಿಂದಲೇ ಕೆಟ್ಟಿರುವುದರಿಂದ ಪೈರಜಿನಮೈಡ್ ಅದಕ್ಕೆ ನಾಟುವುದಿಲ್ಲ. ಔಷಧಿಗೆ ಬಗ್ಗದ ಮನುಷ್ಯರ ಕ್ಷಯದಲ್ಲಿಯೂ ಬಹುಪಾಲು ಕೆಟ್ಟಿರುವುದು ಇದೇ ಕಿಣ್ವದ ಜೀನ್.

ಫೋಲೇಟ್ ಕಥೆಯನ್ನು ಬಿಟ್ಟರೆ ಈ ವಿಷಯ ಅಪೂರ್ಣ, ಅದರಲ್ಲಿಯೂ ಭಾರತದ ಪಾಲು ದೊಡ್ಡದು. ಮುಂಬೈಯ ಬಡ ಗರ್ಭಿಣಿಯರ ರಕ್ತಹೀನತೆಗೆ ಯೀಸ್ಟ್ ಸಾರ ಮದ್ದಾಗುತ್ತದೆಂದು ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ 1931ರಲ್ಲಿ ತೋರಿಸಿದರು. ಆ ಸಾರದಲ್ಲಿದ್ದುದು ಫೋಲೇಟ್. ಅದನ್ನು ಕೃತಕವಾಗಿ ತಯಾರಿಸಿದ ಅಮೆರಿಕದ ಲೆಡರ್ಲ್ ಔಷಧಿ ಕಂಪನಿಯ ತಂಡವನ್ನು ಮುನ್ನಡೆಸಿದವರು ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಇದೇ ಹೊತ್ತಿಗೆ ಬೇರೆ ದಿಕ್ಕಿನಿಂದ, 1935ರಲ್ಲಿ ಜರ್ಮನಿಯ ಗೆರ್ಹಾರ್ಡ್ ಡೊಮಾಕ್ ಪ್ರಾಂಟೊಸಿಲ್ ಎಂಬ ಕೆಂಪು ಬಣ್ಣದ ಔಷಧಿ ಸ್ಟ್ರೆಪ್ಟೋಕಾಕಸ್ ಸೋಂಕನ್ನು ಗುಣಪಡಿಸುವುದನ್ನು ಪ್ರಕಟಿಸಿದ್ದರು. ಸಲ್ಫಾ ಔಷಧಿಗಳ ಯುಗ ಅಲ್ಲಿಂದ ಆರಂಭ. ಅವು ಹೇಗೆ ಕೆಲಸ ಮಾಡುತ್ತವೆಂದು ತಿಳಿಸಿದವರು ಲಂಡನ್ನಿನ ಡೊನಾಲ್ಡ್ ವುಡ್ಸ್, 1940ರಲ್ಲಿ. ಯೀಸ್ಟ್ ಸಾರ ಹಾಕಿದರೆ ಸಲ್ಫಾ ಕೆಲಸ ಮಾಡುವುದಿಲ್ಲ ಎಂಬ ಎಳೆ ಹಿಡಿದು ಹೋದ ಅವರು ಪಿಎಬಿಎ ಎಂಬ ಚಿಕ್ಕ ಅಣುವಿನ ಬಳಿ ನಿಂತರು. ಬ್ಯಾಕ್ಟೀರಿಯಾ ಫೋಲೇಟ್ ಕಟ್ಟುವುದು ಪಿಎಬಿಎ ಬಳಸಿ. ಸಲ್ಫಾ ಅದರ ತದ್ರೂಪ. ತಪ್ಪು ಇಟ್ಟಿಗೆ ಎತ್ತಿಕೊಂಡ ಕಿಣ್ವ ಅಲ್ಲಿಯೇ ಸ್ತಬ್ಧವಾಗುತ್ತದೆ.

ಹಾಗಿದ್ದರೆ ನಮಗೇಕೆ ಏನೂ ಆಗುವುದಿಲ್ಲ? ನಾವು ಫೋಲೇಟ್ ಕಟ್ಟುವುದೇ ಇಲ್ಲ, ಸೊಪ್ಪು ಬೇಳೆಗಳಿಂದ ಸಿದ್ಧವಾಗಿ ಪಡೆಯುತ್ತೇವೆ. ಬಹುತೇಕ ಬ್ಯಾಕ್ಟೀರಿಯಾಗಳು ಹಾಗೆ ಪಡೆಯಲಾರವು. ನಮ್ಮ ದೌರ್ಬಲ್ಯವೇ ಇಲ್ಲಿ ನಮ್ಮ ರಕ್ಷಣೆ. ಕುಷ್ಠರೋಗಕ್ಕೆ ಇಂದಿಗೂ ಕೊಡುವ ಡ್ಯಾಪ್ಸೋನ್ ಇದೇ ಜಾಗಕ್ಕೆ ಹೊಡೆಯುತ್ತದೆ. ಹೊರಗಿನಿಂದ ಫೋಲೇಟ್ ತೆಗೆದುಕೊಳ್ಳಬಲ್ಲ ಎಂಟರೋಕಾಕಸ್ ಮಾತ್ರ ದೇಹದಲ್ಲಿ ಇಂಥ ಔಷಧಿಗಳಿಂದ ತಪ್ಪಿಸಿಕೊಳ್ಳುತ್ತದೆ. ಕೀವು ತುಂಬಿದ ಗಾಯದಲ್ಲಿ ಸಲ್ಫಾ ಸೋಲುವ ಕಾರಣವೂ ಹೀಗೆಯೇ ಇದೆ: ಸತ್ತ ಕೋಶಗಳಿಂದ ಸೋರುವ ಪಿಎಬಿಎ ಮತ್ತು ಡಿಎನ್‌ಎಯ ಇಟ್ಟಿಗೆಗಳಲ್ಲಿ ಒಂದಾದ ಥೈಮಿಡಿನ್ ಬ್ಯಾಕ್ಟೀರಿಯಾಕ್ಕೆ ಆಸರೆಯಾಗುತ್ತವೆ. ಮೊದಲು ಕೀವು ತೆಗೆಯಬೇಕು ಎಂಬ ಶಸ್ತ್ರಚಿಕಿತ್ಸಕರ ಹಟದ ಹಿಂದೆ ಈ ಲೆಕ್ಕವೂ ಸೇರಿದೆ.

ಆ ತಾಯಿಗೆ ಇಂದು ನಿಧಾನವಾಗಿ ಉತ್ತರಿಸಲು ಸಿಕ್ಕರೆ ಹೀಗೆ ಹೇಳುತ್ತೇನೆ. ಅಮ್ಮ, ನಿಮ್ಮ ಮಗ ನುಂಗುವ ಐಸೋನಿಯಾಜಿಡ್ ದೇಹದ ಬಿ6 ಜೊತೆ ಸೇರಿಕೊಂಡು ಅದನ್ನು ಮೂತ್ರದಲ್ಲಿ ಹೊರಗೆ ಒಯ್ಯುತ್ತದೆ. ಬಿ6 ಇಳಿದರೆ ಪಾದಗಳಲ್ಲಿ ಜುಮುಗುಟ್ಟುವಿಕೆ, ಉರಿ ಶುರುವಾಗುತ್ತದೆ. ಆ ಮಾತ್ರೆ ಅವನ ನರಗಳಿಗಾಗಿ. ಕ್ಷಯದ ಬ್ಯಾಕ್ಟೀರಿಯಾ ತನ್ನ ಬಿ6 ಅನ್ನು ತಾನೇ ಮಾಡಿಕೊಳ್ಳುತ್ತದೆ, ಮಾಡಿಕೊಳ್ಳಲಾರದಂತೆ ಕೆಡಿಸಿದ ತಳಿಗಳು ಇಲಿಗಳ ದೇಹದಲ್ಲಿ ಸಿಕ್ಕುವ ಬಿ6ನಿಂದ ಬದುಕಿ ಉಳಿಯಲಿಲ್ಲ. ನಿಮ್ಮ ಮಾತ್ರೆಗಾಗಿ ಅದು ಕಾಯುತ್ತಿಲ್ಲ.

ಊಟದ ವಿಷಯವನ್ನೂ ಸೇರಿಸುತ್ತೇನೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ 2,800 ಕ್ಷಯ ರೋಗಿಗಳ ಕುಟುಂಬಗಳನ್ನು ಹಿಂಬಾಲಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲ ರೋಗಿಗಳಿಗೂ ತಿಂಗಳು ತಿಂಗಳು ಆಹಾರದ ಚೀಲ ಮತ್ತು ವಿಟಮಿನ್ ಮಾತ್ರೆ ಸಿಕ್ಕವು. ಅರ್ಧದಷ್ಟು ಕಡೆ ಮನೆಯ ಉಳಿದವರಿಗೂ ಅಕ್ಕಿ, ಬೇಳೆ ಮತ್ತು ವಿಟಮಿನ್ ಕೊಟ್ಟರು. ಹಾಗೆ ಕೊಟ್ಟ ಮನೆಗಳಲ್ಲಿ ಹೊಸದಾಗಿ ಕ್ಷಯ ಹತ್ತುವುದು ಶೇ 39ರಷ್ಟು ಕಡಿಮೆಯಾಯಿತು. ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದ ರೋಗಿಗಳಲ್ಲಿ ಸಾವಿನ ಅಪಾಯ ಸುಮಾರು ಶೇ 60ರಷ್ಟು ಕಡಿಮೆ ಇತ್ತು. 40 ಕಿಲೋ ತೂಗುವ ಹುಡುಗನಿಗೆ ಅದು 2 ಕಿಲೋ.